ಕಣ್ಣು ಓದುತ್ತಿತ್ತು, ಮನಸ್ಸು ನಿಲ್ಲುತ್ತಿರಲಿಲ್ಲ: ಒಂದು ಪ್ರಕರಣ ಅಧ್ಯಯನ

ಆಪ್ತಸಮಾಲೋಚಕಿಯಾಗಿ ನಾನು ಸುಮಾರು 5 ತಿಂಗಳು ಜೊತೆಗಿದ್ದು ಕಂಡ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಕರಡನ್ನು ಅವರೇ ಓದಿ ಎರಡು ಕಡೆ ತಿದ್ದಿಕೊಟ್ಟಿದ್ದಾರೆ. ಹೆಸರು, ವಯಸ್ಸು, ಮನೆಯವರ ವಿವರ, ಕೆಲಸದ ಜಾಗ ಇವನ್ನೆಲ್ಲ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಅವರನ್ನು ವೀಣಾ ಎಂದು ಕರೆಯುತ್ತೇನೆ. "ಫೋನ್ ಬಿಡೋಕೆ ಆಗ್ತಿಲ್ಲ, ಯಾವುದರ ಮೇಲೂ ತಲೆ ನಿಲ್ತಿಲ್ಲ" ಎಂದು ಬರುವವರಿಗೆ ನಮ್ಮ ಬಾಯಿಗೆ ಮೊದಲು ಬರುವ 'ಆ್ಯಪ್ ತೆಗೆದುಹಾಕಿ' ಎಂಬ ಸಲಹೆ ಇವರ ವಿಷಯದಲ್ಲಿ ಕೆಟ್ಟದಾಗಿ ಸೋತಿತು. ಅವರ ಮನೋಬಲದಲ್ಲಿ ಕೊರತೆ ಇರಲಿಲ್ಲ. ತಪ್ಪಿದ್ದು ನನ್ನ ಅಂದಾಜು. ಎಲ್ಲಿ ತಪ್ಪಿತು ಎನ್ನುವುದು ಇದೇ ಕೆಲಸದಲ್ಲಿರುವವರಿಗೂ, ಇದೇ ಕಷ್ಟದಲ್ಲಿರುವವರಿಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ವೀಣಾಗೆ 35ರ ಆಸುಪಾಸು. ಪುಸ್ತಕ ಪ್ರಕಟಿಸುವ ಸಂಸ್ಥೆಯೊಂದರಲ್ಲಿ ಕರಡು ತಿದ್ದುವ ಕೆಲಸ, 11 ವರ್ಷದ ಅನುಭವ. ಒಬ್ಬರೇ ಇರುತ್ತಾರೆ. ತಾಯಿ ಬೇರೆ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಓದು ಇವರ ಕಸುಬು, ಬಿಡುವಿನ ಸುಖವೂ ಅದೇ. ಒಂದು ಕಾಲಕ್ಕೆ ಕಾದಂಬರಿ ಹಿಡಿದು ಕೂತರೆ ಯಾರಾದರೂ ಕರೆದರೂ ಕೇಳಿಸುತ್ತಿರಲಿಲ್ಲವಂತೆ.

ಅವರು ನನ್ನ ಬಳಿ ಬರಲು ಕಾರಣವಾದದ್ದು ಅಚ್ಚಾಗಿ ಹೊರಬಂದ ಒಂದು ಪುಸ್ತಕ. ದೊಡ್ಡ ಕುಟುಂಬವೊಂದರ ಕಥೆ. 31ನೇ ಪುಟದಲ್ಲಿ ನಾಯಕಿಗೆ ಚಿಕ್ಕಪ್ಪನಾಗಿದ್ದ ಪಾತ್ರ 118ನೇ ಪುಟಕ್ಕೆ ಬರುವಷ್ಟರಲ್ಲಿ ಸೋದರಮಾವನಾಗಿತ್ತು. ಕೈತಪ್ಪು ಲೇಖಕರದ್ದೇ, ಆದರೆ ಅದನ್ನು ಹಿಡಿಯಬೇಕಾದವರು ವೀಣಾ. ಎರಡು ಬಾರಿ ಓದಿದ್ದರು, ಎರಡು ಬಾರಿಯೂ ಕಾಣಲಿಲ್ಲ. ಅದಕ್ಕೂ ಮುಂಚೆ ಇನ್ನೊಂದು ಪುಸ್ತಕದಲ್ಲಿ ಒಂದೇ ಪ್ಯಾರಾ ಎರಡು ಸಲ ಅಚ್ಚಾಗಿತ್ತು. ಮೇಲಧಿಕಾರಿ ಗದರಲಿಲ್ಲ. "ಹುಷಾರಾಗಿದ್ದೀರಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಪ್ರಶ್ನೆ ತಡೆಯಲಾಗಲಿಲ್ಲ ಎಂದರು ವೀಣಾ.

ಅವರು ಇತ್ತೀಚೆಗೆ ತಿದ್ದಿದ ಕೆಲವು ಹಾಳೆಗಳನ್ನು ತರಲು ಹೇಳಿ, ಇಬ್ಬರೂ ಕೂತು ನೋಡಿದೆವು. ಒತ್ತಕ್ಷರ ತಪ್ಪಿದ್ದು, ದೀರ್ಘ ಬಿಟ್ಟುಹೋದದ್ದು, ಅಲ್ಪವಿರಾಮ ಹೆಚ್ಚಾದದ್ದು ಒಂದೂ ಅವರ ಕಣ್ಣು ತಪ್ಪಿಸಿರಲಿಲ್ಲ. ತಪ್ಪಿಸಿಕೊಂಡಿದ್ದೆಲ್ಲ ಹಿಂದೆ ಓದಿದ್ದನ್ನು ನೆನಪಿನಲ್ಲಿ ಹಿಡಿದುಕೊಂಡು ಓದಿದರೆ ಮಾತ್ರ ಸಿಗುವಂಥ ತಪ್ಪುಗಳು. ಕಣ್ಣಿನ ಚುರುಕು ಹಾಗೆಯೇ ಇತ್ತು. ಒಂದು ಪುಟದ ಮಾತನ್ನು ಮುಂದಿನ ಪುಟದವರೆಗೆ ಹೊತ್ತುಕೊಂಡು ಹೋಗುವುದು ಆಗುತ್ತಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಸುಳಿವು ಇದು. ಅಂದು ಅದರ ಬೆಲೆ ನನಗೆ ಪೂರ್ತಿ ತಿಳಿಯಲಿಲ್ಲ.

ಇದಲ್ಲದೆ ನಿದ್ದೆ ಕೆಟ್ಟಿತ್ತು. ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರು. ಸ್ನೇಹಿತರು ಮಾತಾಡುತ್ತಿದ್ದರೆ "ವಿಷಯಕ್ಕೆ ಬಾ" ಅನಿಸುತ್ತಿತ್ತು, ಹಾಗೆ ಅನಿಸಿದ್ದಕ್ಕೆ ಆಮೇಲೆ ನಾಚಿಕೆ. ದುಃಖ ಎನ್ನುವಂಥದ್ದೂ ಇಲ್ಲ, "ಎಲ್ಲಾ ಸಪ್ಪೆ" ಎಂದರು. ಖಿನ್ನತೆಯ ಲಕ್ಷಣಗಳನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 13 ಬಂತು. 10ರಿಂದ 14ರವರೆಗೆ ಮಧ್ಯಮ ಎಂದು ಲೆಕ್ಕ. ಓದುವಾಗ, ಟಿವಿ ನೋಡುವಾಗ ಗಮನ ನಿಲ್ಲದಿರುವ ಬಗ್ಗೆ ಕೇಳುವ 7ನೇ ಪ್ರಶ್ನೆಗೆ ಪೂರ್ತಿ 3 ಅಂಕ ಹಾಕಿದ್ದರು. ಬದುಕುವುದು ಬೇಡ ಎಂಬ ಯೋಚನೆಯ ಕುರಿತ 9ನೇ ಪ್ರಶ್ನೆಗೆ ಸೊನ್ನೆ. ಆದರೂ ಅದನ್ನು ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಂಡೆ. ಆತಂಕ ಅಳೆಯುವ ಜಿಎಡಿ-7ರಲ್ಲಿ 21ಕ್ಕೆ 11. ಥೈರಾಯ್ಡ್, ರಕ್ತಹೀನತೆ, ಕಣ್ಣಿನ ತೊಂದರೆ ಇಲ್ಲವೆಂದು ವೈದ್ಯರಿಂದ ತಿಳಿದುಕೊಂಡೆವು. ಬಾಲ್ಯದಿಂದಲೇ ಗಮನ ನಿಲ್ಲದಿರುವ ಎಡಿಎಚ್‌ಡಿ ಎಂಬ ತೊಂದರೆ ಇರಬಹುದೇ ಎಂಬ ಅನುಮಾನ ಅವರಿಗೇ ಇತ್ತು. ಆ ರೋಗನಿರ್ಣಯಕ್ಕೆ 12 ವರ್ಷದೊಳಗೇ ಲಕ್ಷಣಗಳು ಕಂಡಿರಬೇಕು. ಗಂಟೆಗಟ್ಟಲೆ ಮೂಲೆ ಹಿಡಿದು ಓದುತ್ತಿದ್ದ ಹುಡುಗಿಯ ಬಾಲ್ಯದಲ್ಲಿ ಅಂಥದ್ದೇನೂ ಸಿಗಲಿಲ್ಲ.

ತೊಂದರೆಯ ಸ್ವರೂಪ

ಫೋನ್ ತೆರೆದು ತೋರಿಸಿದರು. ದಿನಕ್ಕೆ ಸರಾಸರಿ 5 ಗಂಟೆ 10 ನಿಮಿಷ, ಬಹುಪಾಲು ಮೂರು ಸಾಮಾಜಿಕ ಜಾಲತಾಣಗಳಲ್ಲಿ. ಆ ಗಂಟೆಗಳಿಗಿಂತ ನನ್ನ ಕಣ್ಣಿಗೆ ಬಿದ್ದದ್ದು ಫೋನ್ ಕೈಗೆತ್ತಿಕೊಂಡ ಲೆಕ್ಕ: ದಿನಕ್ಕೆ 140ರ ಹತ್ತಿರ. ಒಂದು ವಿಡಿಯೊವನ್ನು ಕೊನೆಯವರೆಗೆ ನೋಡಿದ್ದು, ಒಂದು ಬರಹವನ್ನು ಪೂರ್ತಿ ಓದಿದ್ದು ನೆನಪಿಲ್ಲ ಎಂದರು. ಮೊದಲ ಸಾಲು, ಚಿತ್ರ, ಒಂದೆರಡು ಕಾಮೆಂಟ್, ಮುಂದಕ್ಕೆ.

ಮೀನಿಗಿಂತ ಕಡಿಮೆ, 8 ಸೆಕೆಂಡಿಗೆ ನಮ್ಮ ಗಮನ ಇಳಿದಿದೆಯಂತೆ ಎಂಬ ಮಾತನ್ನು ಎಲ್ಲೋ ನೋಡಿ ಅವರು ನಿಜಕ್ಕೂ ಹೆದರಿದ್ದರು. ತಮ್ಮ ಮಿದುಳು ಕೆಟ್ಟೇಹೋಗಿದೆ, ಇನ್ನು ಸರಿಹೋಗದು ಎಂಬ ನಂಬಿಕೆ ಕೂತಿತ್ತು. ಆ 8 ಸೆಕೆಂಡಿನ ಲೆಕ್ಕದ ಹಿಂದೆ ನಂಬಬಹುದಾದ ಅಳತೆ ಯಾವುದೂ ಇಲ್ಲ ಎಂದು ಮೊದಲು ಹೇಳಿದೆ. ಅಳತೆ ಮಾಡಿದವರ ಮಾತು ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ ಕಚೇರಿ ಕೆಲಸಗಾರರನ್ನು ವರ್ಷಗಟ್ಟಲೆ ಗಮನಿಸಿದವರು. 2004ರಲ್ಲಿ ಒಂದು ಪರದೆಯ ಮೇಲೆ ಜನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಈಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಬಂದಿದೆ. ಇದು ಒಂದು ಪರದೆಯಿಂದ ಇನ್ನೊಂದಕ್ಕೆ ಜಾರುವ ರೂಢಿಯ ಅಳತೆ. ಮಿದುಳಿಗೆ ನಿಲ್ಲುವ ಸಾಮರ್ಥ್ಯವೇ ಹೋಯಿತು ಎಂದು ಇದರ ಅರ್ಥವಲ್ಲ. ರೂಢಿಯನ್ನು ಬದಲಿಸಬಹುದು. ಈ ಒಂದು ವ್ಯತ್ಯಾಸ ಕೇಳಿ ಅವರ ಭುಜ ಸ್ವಲ್ಪ ಇಳಿದದ್ದು ನನಗೆ ಇನ್ನೂ ನೆನಪಿದೆ.

ಜಾರುವುದಕ್ಕೆ ಒಂದು ಬೆಲೆ ಇದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ. ಇದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ 'ಗಮನದ ಶೇಷ' ಎಂಬ ಅರ್ಥ ಬರುವ ಹೆಸರಿಟ್ಟು ವಿವರಿಸಿದರು. ವೀಣಾ 20 ಸೆಕೆಂಡು ಫೋನ್ ನೋಡಿ ಕರಡಿಗೆ ಮರಳಿದರೆ ಕಳೆದದ್ದು 20 ಸೆಕೆಂಡು ಮಾತ್ರ ಆಗಿರುತ್ತಿರಲಿಲ್ಲ. ಹಾಳೆಯ ಮೇಲೆ ಕಣ್ಣಿದ್ದರೂ ಚಿಕ್ಕಪ್ಪ ಯಾರು, ಮಾವ ಯಾರು ಎಂಬ ಎಳೆ ಕೈಬಿಟ್ಟಿರುತ್ತಿತ್ತು.

ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ಮಾತು ಮೂರನೇ ಭೇಟಿಯಲ್ಲಿ ಬಂತು. ಅದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಯಾರದೋ ಸಾವಿನ ಸುದ್ದಿ ಬರುತ್ತೆ ಮೇಡಂ. ನನಗೆ ಅಯ್ಯೋ ಅನ್ನಿಸೋಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತೆ. ಅಲ್ಲಿ ಯಾರದೋ ಮದುವೆ. ಖುಷಿ ಆಗೋಷ್ಟರಲ್ಲಿ ಇನ್ನೇನೋ ಜಗಳ. ರಾತ್ರಿ ಮಲಗುವಾಗ ಎದೆ ಮೇಲೆ ಏನೋ ಕೂತ ಹಾಗಿರುತ್ತೆ, ಏನು ಅಂತ ಕೇಳಿದ್ರೆ ಒಂದೂ ನೆನಪಿಲ್ಲ." ಮರುಕ ಹುಟ್ಟಿ, ಬೆಳೆದು, ಇಳಿಯಲು ಸಮಯ ಬೇಕು. ಇವರಲ್ಲಿ ಪ್ರತಿ ಭಾವವೂ ಮೊಳಕೆಯಲ್ಲೇ ಕತ್ತರಿಸಿಹೋಗುತ್ತಿತ್ತು. ಸಪ್ಪೆ ಎಂದು ಅವರು ಕರೆದದ್ದು ಹೀಗೆ ಅರ್ಧಕ್ಕೆ ನಿಂತ ಭಾವಗಳ ರಾಶಿಯನ್ನೇ ಎಂದು ನನಗನ್ನಿಸಿತು. ಇದು ಸಂಶೋಧನೆಯ ತೀರ್ಮಾನವಲ್ಲ, ಒಬ್ಬರನ್ನು ಹತ್ತಿರದಿಂದ ಕಂಡು ನಾನು ಮಾಡಿದ ಊಹೆ.

ಮೊದಲ ಯೋಜನೆ

ಬರುವ ಮುಂಚೆಯೇ ಅವರು ಫೋನಿನಲ್ಲಿ ಸಮಯದ ಮಿತಿ ಹಾಕಿಕೊಂಡು ನೋಡಿದ್ದರು. ಮಿತಿ ಮುಗಿದಾಗ "ಇನ್ನೂ 15 ನಿಮಿಷ" ಎಂದು ಒತ್ತುವ ಗುಂಡಿ ಬರುತ್ತದೆ. ಎರಡನೇ ವಾರಕ್ಕೆ ಅದನ್ನು ಓದದೆಯೇ ಒತ್ತುವುದು ರೂಢಿಯಾಯಿತು.

ನಾನು ಇನ್ನೂ ಬಿಗಿಯಾದ ದಾರಿ ಹಿಡಿದೆ. ಮೂರೂ ಆ್ಯಪ್ ತೆಗೆದುಹಾಕಿ, 30 ದಿನ ಮುಟ್ಟದೆ ಇರಿ ಎಂದೆ. ಕಾರಣಗಳು ನನ್ನ ಬಳಿ ಇದ್ದವು. ಜಾಲತಾಣಗಳಲ್ಲಿ ಒಂದರ ಕೆಳಗೊಂದು ಬರುತ್ತಲೇ ಇರುವ ಈ ಫೀಡುಗಳಿಗೆ ತಳವಿಲ್ಲ. ಪುಟದ ಕೊನೆ ಮುಟ್ಟಿದಾಗ ನಿಲ್ಲಬೇಕೇ ಬೇಡವೇ ಎಂದು ಯೋಚಿಸುವ ಒಂದು ಕ್ಷಣ ಹಿಂದೆ ಇತ್ತು. ಕೊನೆಯಿಲ್ಲದ ಸ್ಕ್ರೋಲ್ ಆ ಕ್ಷಣವನ್ನು ತೆಗೆದುಹಾಕಿತು. 2006ರಲ್ಲಿ ಅದನ್ನು ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದರ ಬಗ್ಗೆ ಬಹಿರಂಗವಾಗಿ ವಿಷಾದಪಟ್ಟಿದ್ದಾರೆ. ಜೊತೆಗೆ, ಯಾವಾಗ ಒಳ್ಳೆಯದು ಸಿಗುತ್ತದೆ ಎಂದು ಗೊತ್ತಿಲ್ಲದೆ ಸಿಗುವ ಬಹುಮಾನ ರೂಢಿಯನ್ನು ಎಷ್ಟು ಗಟ್ಟಿಯಾಗಿ ಕಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಎಂದೋ ತೋರಿಸಿಕೊಟ್ಟಿದ್ದರು. ಹೀಗಿರುವಾಗ ಬಾಗಿಲು ಮುಚ್ಚುವುದೇ ಸರಿ ಎಂದುಕೊಂಡೆ.

ಮೊದಲ ಮೂರು ದಿನ ಚಡಪಡಿಕೆ. ಐದನೇ ದಿನ ಚೆನ್ನಾಗಿದೆ ಎಂದು ಸಂದೇಶ ಕಳಿಸಿದರು. ಒಂಬತ್ತನೇ ದಿನದ ಹೊತ್ತಿಗೆ ಬ್ರೌಸರಿನಲ್ಲಿ ಸುದ್ದಿ ಪುಟಗಳನ್ನು ಅದೇ ರೀತಿ ಮೇಲಿಂದ ಕೆಳಗೆ ಎಳೆಯುತ್ತಿದ್ದರು. ಹನ್ನೆರಡನೇ ರಾತ್ರಿ 2 ಗಂಟೆಗೆ ಎದ್ದು, ಮೂರೂ ಆ್ಯಪ್ ಮತ್ತೆ ಹಾಕಿಕೊಂಡು, ಬೆಳಗಿನ ತನಕ ಕೂತರು. ಆಮೇಲಿನ ಭೇಟಿಗೆ ಬರಲೇ ಇಲ್ಲ. ಹೇಳಿದ್ದು ಮಾಡಲಾಗಲಿಲ್ಲವೆಂದು ನನ್ನ ಮುಖ ನೋಡಲು ನಾಚಿಕೆಯಾಗಿತ್ತು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ನಾನು ಹಾಕಿಕೊಟ್ಟ ಯೋಜನೆಯಿಂದ ಅವರಿಗೆ ಮೊದಲೇ ಇದ್ದ ಅಪರಾಧಿ ಭಾವ ದುಪ್ಪಟ್ಟಾಯಿತು. ಖಿನ್ನತೆಯ ಅಂಚಿನಲ್ಲಿರುವವರಿಗೆ ಇನ್ನೊಂದು ಸೋಲನ್ನು ಕೈಗೆ ಕೊಡುವುದು ಸಣ್ಣ ತಪ್ಪಲ್ಲ. ನಾನೇ ಫೋನ್ ಮಾಡಿ, ಯೋಜನೆ ನಿಮಗೆ ಹೊಂದಲಿಲ್ಲ, ಅದನ್ನು ಕೊಟ್ಟದ್ದು ನಾನು, ಬನ್ನಿ ಮತ್ತೆ ಕೂತು ನೋಡೋಣ ಎಂದೆ. ಬಂದರು.

ಪುಟ್ಟ ನೋಟ್‌ಬುಕ್

ಈ ಬಾರಿ ಏನನ್ನೂ ಬಿಡಲು ಹೇಳಲಿಲ್ಲ. ಅಂಗೈಯಗಲದ ನೋಟ್‌ಬುಕ್ ಇಟ್ಟುಕೊಳ್ಳಿ, ಕೈ ಫೋನಿನತ್ತ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಅದಕ್ಕೆ ಒಂದು ಕ್ಷಣ ಮುಂಚೆ ಏನಿತ್ತು ಎಂದು ಒಂದೇ ಪದದಲ್ಲಿ ಬರೆಯಿರಿ, ಆಮೇಲೆ ಬೇಕಾದರೆ ಫೋನ್ ನೋಡಿ ಎಂದೆ. ಕರಡು ತಿದ್ದುವವರಿಗೆ ಗುರುತು ಹಾಕುವುದು ಅಭ್ಯಾಸದ ಕೆಲಸ. ಬೇಸರವಿಲ್ಲದೆ ಮಾಡಿದರು.

ಒಂದು ವಾರದ ಗೆರೆಗಳನ್ನು ಮೇಜಿನ ಮೇಲೆ ಹರಡಿಕೊಂಡೆವು. ಹಲವು ಕಡೆ 'ಕಷ್ಟ' ಎಂದಿತ್ತು. ಬಿಡಿಸಿ ಕೇಳಿದರೆ, ವಾಕ್ಯ ಜಟಿಲವಾಗಿ ಎರಡನೇ ಸಲ ಓದಬೇಕಾಗಿ ಬಂದ ಜಾಗಗಳು. ಹಲವು ಕಡೆ 'ಮುಗೀತು': ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವ ನಡುವಿನ ಪುಟ್ಟ ಖಾಲಿ. 'ಗೊತ್ತಿಲ್ಲ' ಎಂದೂ ಸಾಕಷ್ಟು ಇತ್ತು. ಇಷ್ಟು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು 'ಅಮ್ಮ' ಎಂಬ ಪದ. ಏಳು ದಿನದಲ್ಲಿ ನಲವತ್ತಕ್ಕೂ ಹೆಚ್ಚು ಸಲ, ಹೆಚ್ಚಿನವು ರಾತ್ರಿ.

ತಾಯಿಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. "ಇಲ್ಲ, ಈಗ ಚೆನ್ನಾಗಿದ್ದಾರೆ" ಎಂದರು. ಆ 'ಈಗ' ಎಂಬಲ್ಲಿ ನಾನು ನಿಂತೆ.

ಎರಡು ವರ್ಷದ ಹಿಂದೆ ತಾಯಿಗೆ ದೊಡ್ಡ ಕಾಯಿಲೆ ಬಂದಿತ್ತು. ನಾಲ್ಕು ತಿಂಗಳು ವೀಣಾ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ರಾತ್ರಿ 2 ಗಂಟೆಗೆ ಎಬ್ಬಿಸಿ ಔಷಧಿ ಕೊಡಬೇಕು, ಕೊಟ್ಟ ಮೇಲೆ ಒಂದು ಗಂಟೆ ಉಸಿರಾಟ ಗಮನಿಸಬೇಕು. ನಿದ್ದೆ ಹೋಗಬಾರದು, ದೀಪ ಹಾಕುವಂತಿಲ್ಲ, ಪುಸ್ತಕ ಓದುವಂತಿಲ್ಲ. ಫೋನ್ ಒಂದೇ ಜೊತೆ. ಉದ್ದದ್ದೇನನ್ನೂ ನೋಡಲು ಧೈರ್ಯ ಬರುತ್ತಿರಲಿಲ್ಲ, ಮೈಮರೆತರೆ ಎಂಬ ಭಯ. ಅರ್ಧ ಕಣ್ಣು ಫೋನಿನ ಮೇಲೆ, ಅರ್ಧ ಕಿವಿ ಅಮ್ಮನ ಉಸಿರಿನ ಮೇಲೆ. ಹೀಗೆ ನಾಲ್ಕು ತಿಂಗಳು ಅವರು ತೇಲಿಸಿ ನೋಡುವುದನ್ನೇ ಅಭ್ಯಾಸ ಮಾಡಿದ್ದರು, ಅದೂ ಜೀವವೊಂದನ್ನು ಕಾಯುವ ಸಲುವಾಗಿ.

ತಾಯಿ ಗುಣವಾಗಿ ಅಣ್ಣನ ಮನೆಗೆ ಹೋದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಕಾಯ್ದವರು ಹೇಗಿದ್ದಾರೆ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ, ವೀಣಾಗೂ ಸಹ. ಎಚ್ಚರ ಮಾತ್ರ ಮೈಯಲ್ಲಿ ಉಳಿಯಿತು. ಈಗಲೂ 2 ಗಂಟೆಗೆ ಕಣ್ಣು ತೆರೆಯುತ್ತದೆ. ಅಮ್ಮ ಪಕ್ಕದಲ್ಲಿಲ್ಲ. ಮೆಸೇಜ್ ಆ್ಯಪ್ ತೆರೆದು ಅಮ್ಮನ 'ಲಾಸ್ಟ್ ಸೀನ್' ನೋಡುತ್ತಾರೆ. 10 ಗಂಟೆಗೆ ನೋಡಿದ್ದಾರೆ ಎಂದರೆ ಅಷ್ಟು ಹೊತ್ತಿಗೆ ಚೆನ್ನಾಗಿದ್ದರು ಎಂದರ್ಥ. ಆಮೇಲೆ? ಅಲ್ಲಿಂದ ಬೆರಳು ಪಕ್ಕದ ಆ್ಯಪಿಗೆ ಜಾರುತ್ತದೆ.

"ಎರಡು ಗಂಟೆ ಅಂದ್ರೆ ಔಷಧಿ ಟೈಮು" ಎಂದು ಹೇಳಿ ಅವರು ಸುಮ್ಮನಾದರು. ಆ ದಿನ ನಾವು ಇನ್ನೇನೂ ಮಾಡಲಿಲ್ಲ. ಬಹಳ ದಿನದ ಮೇಲೆ ಅತ್ತುಬಿಟ್ಟೆ ಎಂದು ಹೊರಡುವಾಗ ಹೇಳಿದರು.

ಎರಡನೆಯ ಯೋಜನೆ

ಇಷ್ಟು ತಿಳಿದ ಮೇಲೆ ಮೊದಲ ಯೋಜನೆ ಏಕೆ ಮುರಿಯಿತು ಎನ್ನುವುದು ಸ್ಪಷ್ಟ. ನಾನು ತೆಗೆದುಹಾಕಲು ಹೇಳಿದ್ದು ಅವರ ಕಾವಲುಗಾರನನ್ನು. ಹಾಗಾಗಿ ಕಾವಲಿನ ಏರ್ಪಾಡನ್ನು ಮೊದಲು ಮಾಡಿ, ಫೋನಿನ ಮಾತನ್ನು ಆಮೇಲೆ ಎತ್ತಿಕೊಂಡೆವು.

ಅಣ್ಣನ ಬಳಿ ಮಾತಾಡುವುದು ಅವರಿಗೆ ಕಷ್ಟವಾಯಿತು, ಎರಡು ವಾರ ಮುಂದೂಡಿದರು. ಕೊನೆಗೆ ಹೇಳಿದಾಗ ಅಣ್ಣ, ಏನೇ ಇದ್ದರೂ ಎಷ್ಟೇ ಹೊತ್ತಾಗಿದ್ದರೂ ತಾನೇ ಫೋನ್ ಮಾಡುವುದಾಗಿ ಮಾತು ಕೊಟ್ಟರು. ತಾಯಿಗೂ ವಿಷಯ ಗೊತ್ತಾಯಿತು. "ಅದನ್ನ ನೋಡಿ ನಾನು ಬದುಕಿದ್ದೀನಾ ಅಂತ ತಿಳ್ಕೋತಿದ್ಯಾ? ಮಲಗೋ ಮುಂಚೆ ನಾನೇ ಮಾತಾಡ್ತೀನಿ ಬಿಡು" ಎಂದರಂತೆ. ಅಂದಿನಿಂದ ಪ್ರತಿ ರಾತ್ರಿ 9ಕ್ಕೆ ಐದು ನಿಮಿಷದ ಮಾತು. ಫೋನಿನಲ್ಲಿ ಈ ಎರಡು ನಂಬರುಗಳಿಗೆ ಮಾತ್ರ ರಾತ್ರಿಯೂ ಜೋರಾಗಿ ಸದ್ದಾಗುವಂತೆ ಮಾಡಿ, ಫೋನನ್ನು ಹೊರಗಿನ ಹಾಲ್‌ನಲ್ಲಿ ಇಟ್ಟರು. ಮಲಗುವ ಕೋಣೆಗೆ ಒಂದು ಅಲಾರಂ ಗಡಿಯಾರ ಬಂತು. ಎಚ್ಚರವಾದರೆ ಬಲವಂತವಾಗಿ ನಿದ್ದೆ ಹುಡುಕಬೇಡಿ, ಎದ್ದು ಕೂತು 'ಔಷಧಿ ಕೊಟ್ಟಾಯಿತು, ಅಮ್ಮ ಗುಣವಾದರು' ಎಂದು ಮನಸ್ಸಿಗೆ ಹೇಳಿ ಎಂದೆ. ಕೇಳಲು ಇದು ತೀರಾ ಸರಳ. ಮೊದಲ ಕೆಲವು ರಾತ್ರಿ ಏನೂ ಉಪಯೋಗವಾಗಲಿಲ್ಲ. ಮೂರನೇ ವಾರದಿಂದ ಎಚ್ಚರದ ಹೊತ್ತು ಕಡಿಮೆಯಾಗತೊಡಗಿತು.

ಕೆಲಸದ ಹೊತ್ತಿನಲ್ಲೂ ಫೋನ್ ಬೇರೆ ಕೋಣೆಯಲ್ಲಿರಲಿ ಎಂದು ಸೂಚಿಸಿದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಫೋನ್ ಕೂಡ ಯೋಚನೆಯ ಶಕ್ತಿಯನ್ನು ಎಳೆದುಕೊಳ್ಳುತ್ತದೆ ಎಂದು 2017ರ ಒಂದು ಪ್ರಸಿದ್ಧ ಪ್ರಯೋಗ ಹೇಳಿತು. ಆಮೇಲೆ ಅದನ್ನು ಮತ್ತೆ ಮಾಡಿ ನೋಡಿದವರಿಗೆಲ್ಲ ಅದೇ ಫಲ ಸಿಗಲಿಲ್ಲ, ಆದ್ದರಿಂದ ನಾನು ಅದನ್ನು ವೇದವಾಕ್ಯವಾಗಿ ಹೇಳಲಿಲ್ಲ. ಒಂದು ವಾರ ಮಾಡಿ, ಹೇಗನಿಸಿತು ನೋಡಿ ಎಂದೆ. ತುರ್ತು ಕರೆ ಕೇಳಿಸುತ್ತದೆ ಎಂಬ ಭರವಸೆ ಇದ್ದುದರಿಂದ ಈ ಬಾರಿ ಫೋನನ್ನು ದೂರವಿಡುವುದು ಅವರಿಗೆ ಶಿಕ್ಷೆ ಅನ್ನಿಸಲಿಲ್ಲ.

ಗಮನದ ಅಭ್ಯಾಸಕ್ಕೆ ಅವರ ಕಸುಬಿನ ದಾರಿಯನ್ನೇ ಹಿಡಿದೆವು. ನೋಟ್‌ಬುಕ್ ಪ್ರಕಾರ ಓದಲು ಕೂತ ಮೇಲೆ 8 ನಿಮಿಷಕ್ಕೆ ಕೈ ಆಡುತ್ತಿತ್ತು. 6 ನಿಮಿಷಕ್ಕೆ ಅಲಾರಂ ಇಟ್ಟೆವು. ಕೈ ಏಳುವ ಮುಂಚೆಯೇ ಓದು ನಿಲ್ಲಬೇಕು, ಗೆದ್ದು ನಿಲ್ಲಬೇಕು. ನಿಂತ ಕೂಡಲೇ ಹಾಳೆ ಮುಚ್ಚಿ, ಓದಿದ್ದನ್ನು ಬಾಯಿಬಿಟ್ಟು ಯಾರಿಗೋ ಹೇಳುವ ಹಾಗೆ ಹೇಳಬೇಕು. ತೇಲಿಸಿ ಓದಿದ್ದರೆ ಮೂರನೇ ವಾಕ್ಯಕ್ಕೆ ಮಾತು ನಿಂತುಬಿಡುತ್ತದೆ. ಆಗ ಬೈದುಕೊಳ್ಳದೆ ಮತ್ತೆ ಓದುವುದು. ಓದು ಕಾಗದದ ಮೇಲೆಯೇ ಇರಲಿ ಎಂದೆ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಾಗದದಲ್ಲಿ ಓದಿದ್ದು ಪರದೆಯಲ್ಲಿ ಓದಿದ್ದಕ್ಕಿಂತ ಹೆಚ್ಚು ತಲೆಗೆ ಹೋಗುತ್ತದೆ, ಅದರಲ್ಲೂ ಮಾಹಿತಿಯ ಬರಹಗಳಲ್ಲಿ, ಸಮಯದ ಒತ್ತಡವಿದ್ದಾಗ ಎಂದು ಕಂಡುಕೊಂಡಿದೆ. ವಾರಕ್ಕೆ ಎರಡು ನಿಮಿಷದಂತೆ ಏರಿಸುತ್ತ ಹೋದೆವು.

ಜಾಲತಾಣಗಳನ್ನು ಈ ಬಾರಿ ನಿಷೇಧಿಸಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳೊಡನೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಇಲ್ಲಿ ದಾರಿ ತೋರಿಸಿತು. ಒಂದೊಂದು ತಾಣಕ್ಕೆ ದಿನಕ್ಕೆ 10 ನಿಮಿಷದ ಮಿತಿ ಹಾಕಿದವರಲ್ಲಿ ಮೂರು ವಾರದಲ್ಲಿ ಒಂಟಿತನ, ಖಿನ್ನತೆಯ ಲಕ್ಷಣ ಇಳಿದವು. ಅದೇ ಪ್ರಯೋಗದಲ್ಲಿ ಮಿತಿ ಹಾಕದ ಗುಂಪಿನಲ್ಲೂ ಆತಂಕ ಇಳಿಯಿತು. ಎಷ್ಟು ಬಳಸುತ್ತೇವೆ ಎಂದು ಗಮನಿಸಿಕೊಂಡದ್ದರಿಂದಲೇ ಹಾಗಾಗಿರಬಹುದು ಎಂದು ಸಂಶೋಧಕರು ಬರೆದಿದ್ದಾರೆ. ನಮ್ಮ ಪುಟ್ಟ ನೋಟ್‌ಬುಕ್ಕಿಗೆ ಇದಕ್ಕಿಂತ ಒಳ್ಳೆಯ ಬೆಂಬಲ ಬೇಕಿರಲಿಲ್ಲ. ಸಂಜೆ 30 ನಿಮಿಷ, ಕಂಪ್ಯೂಟರಿನಲ್ಲಿ, ಕುರ್ಚಿಯಲ್ಲಿ ಕೂತು, ಪ್ರತಿ ಸಲ ಪಾಸ್‌ವರ್ಡ್ ಹೊಡೆದು ಒಳಗೆ ಹೋಗುವುದು ಎಂದಾಯಿತು. ಮುಗಿದ ಮೇಲೆ ನೋಡಿದ್ದರಲ್ಲಿ ನೆನಪಿರುವುದನ್ನು ಬರೆಯುವುದು.

ಆ ಕೊನೆಯ ಭಾಗದ ಪರಿಣಾಮ ನಾನು ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಮೊದಲ ಸಂಜೆ 30 ನಿಮಿಷದಿಂದ ಎರಡು ಸಂಗತಿ ನೆನಪಿದ್ದವು. ಎರಡನೇ ಸಂಜೆ ಒಂದು. ಮೂರನೇ ವಾರ ಅವರೇ ಹುಡುಕಿಕೊಂಡು ಹೋಗಿ, ಹಳೆಯ ಗೆಳತಿಯೊಬ್ಬರು ಬರೆದ ದೀರ್ಘ ಬರಹವನ್ನು ಪೂರ್ತಿ ಓದಿ, ಆಕೆಗೆ ನಾಲ್ಕು ಸಾಲು ಬರೆದರು. ಅಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಿತ್ತು.

ಮರುಕಳಿಕೆ, ಫಲಿತಾಂಶ

ಹದಿಮೂರನೇ ವಾರ ತಾಯಿಗೆ ಜ್ವರ ಬಂತು. ಫೋನ್ ಮತ್ತೆ ಹಾಸಿಗೆಗೆ ಬಂತು, ದಿನದ ಬಳಕೆ 5 ಗಂಟೆ ದಾಟಿತು. ಜ್ವರ ಇಳಿದ ಮೇಲೂ ನಾಲ್ಕು ದಿನ ಹಾಗೇ ನಡೆಯಿತು. ಐದನೇ ದಿನ ಯಾರೂ ಹೇಳದೆ ಫೋನನ್ನು ಹಾಲ್‌ನಲ್ಲಿ ವಾಪಸ್ ಇಟ್ಟರು. ಈ ಬಾರಿ ಭೇಟಿ ತಪ್ಪಿಸಲಿಲ್ಲ. ಬಂದು, "ಹೀಗಾಯ್ತು, ಯಾಕೆ ಅಂತಾನೂ ಗೊತ್ತು" ಎಂದರು. ಕಾರಣ ಗೊತ್ತಿದ್ದಾಗ ನಾಚಿಕೆಗೆ ಅಷ್ಟು ಜಾಗ ಇರುವುದಿಲ್ಲ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಈ ಮರುಕಳಿಕೆಯೇ.

14 ಭೇಟಿಗಳ ಕೊನೆಗೆ ಪಿಎಚ್‌ಕ್ಯೂ-9 ಅಂಕ 5ಕ್ಕೂ, ಜಿಎಡಿ-7 ಅಂಕ 6ಕ್ಕೂ ಇಳಿದಿದ್ದವು. ದಿನದ ಬಳಕೆ ಎರಡು ಗಂಟೆಯ ಆಸುಪಾಸು. ಒಂದೇ ಉಸಿರಿಗೆ ಓದುವ ಹೊತ್ತು 35 ನಿಮಿಷ ಮುಟ್ಟಿತ್ತು. ಕೆಲಸದಲ್ಲಿ ಎಲ್ಲ ತಪ್ಪುಗಳೂ ಸಿಗುತ್ತಿದ್ದವು ಎಂದು ಹೇಳಲಾರೆ. ಆದರೆ ಒಂದು ಹಸ್ತಪ್ರತಿಯಲ್ಲಿ ಮಳೆಗಾಲದಲ್ಲಿ ಶುರುವಾದ ಪ್ರಯಾಣ ಮೂರು ದಿನದ ನಂತರ ಬೇಸಿಗೆಯಲ್ಲಿ ಮುಗಿಯುವುದನ್ನು, 60 ಪುಟಗಳ ಅಂತರದಲ್ಲಿ, ಅವರು ಹಿಡಿದಿದ್ದರು. ಆ ಹಾಳೆಯನ್ನು ನನಗೆ ತೋರಿಸಲೆಂದೇ ನಕಲು ಮಾಡಿ ತಂದಿದ್ದರು.

ನಾನು ಬದಲಿಸಿಕೊಂಡದ್ದು

ಒಂದು ಪ್ರಕರಣದಿಂದ ಜಗತ್ತಿಗೆಲ್ಲ ನಿಯಮ ಮಾಡಲಾಗದು. ಸ್ಕ್ರೋಲ್ ಮಾಡುವುದರಿಂದಲೇ ಖಿನ್ನತೆ ಬಂತೆಂದು ಇದರಿಂದ ಹೇಳಲೂ ಆಗದು. 2019ರಲ್ಲಿ ಸಂಶೋಧಕರಾದ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿ, ಅವರ ನೆಮ್ಮದಿಯಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ. 0.4 ಎಂದು ತೋರಿಸಿದರು. ಸರಾಸರಿ ಹೀಗೆ ಸಣ್ಣದಿರಬಹುದು. ನನ್ನೆದುರು ಕೂತವರು ಸರಾಸರಿಯಲ್ಲ. ಒಬ್ಬರಿಗೆ ಅದು ಬರೀ ಕಾಲಹರಣ, ಇನ್ನೊಬ್ಬರಿಗೆ ಮುಗಿದುಹೋದ ಕಾವಲನ್ನು ಮುಂದುವರಿಸುವ ದಾರಿ. ಎಷ್ಟು ಗಂಟೆ ಎಂದು ಕೇಳುತ್ತಿದ್ದರೆ ಈ ವ್ಯತ್ಯಾಸ ಎಂದಿಗೂ ಸಿಗುತ್ತಿರಲಿಲ್ಲ.

ಈಗ ನಾನು ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆ ಬೇರೆ: ಕೈ ಹೋಗುವ ಮುಂಚೆ ಏನಿತ್ತು? ಈ ರೂಢಿ ಯಾವಾಗ, ಯಾರ ಸಲುವಾಗಿ ಶುರುವಾಯಿತು? ಆ್ಯಪ್ ತೆಗೆಯಿರಿ ಎಂದು ಈಗಲೂ ಕೆಲವರಿಗೆ ಹೇಳುತ್ತೇನೆ, ಉತ್ತರ ಕೇಳಿಸಿಕೊಂಡ ಮೇಲೆ. ಕಾಯಿಲೆಯವರನ್ನು ನೋಡಿಕೊಂಡವರು ಮನೆಯಲ್ಲಿದ್ದಾರೆಯೇ ಎಂಬುದನ್ನೂ ಕೇಳುತ್ತೇನೆ. ರೋಗಿ ಗುಣವಾದ ದಿನ ಅವರ ಕೆಲಸ ಮುಗಿಯಿತೆಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅವರ ಮೈಗೆ ಆ ಸುದ್ದಿ ತಲುಪಿರುವುದಿಲ್ಲ.

ಮುಗಿದ ಆರು ತಿಂಗಳಿಗೆ ವಿಚಾರಿಸಲು ಫೋನ್ ಮಾಡಿದ್ದೆ. 2 ಗಂಟೆಯ ಎಚ್ಚರ ವಾರಕ್ಕೊಮ್ಮೆ ಇದೆ, ಹತ್ತು ನಿಮಿಷಕ್ಕೆ ಮತ್ತೆ ನಿದ್ದೆ ಬರುತ್ತದೆ ಎಂದರು. ಅಮ್ಮನ 9 ಗಂಟೆಯ ಫೋನ್ ತಪ್ಪಿಲ್ಲ. ಕೆಲಸದ ಓದು ಬಹುಮಟ್ಟಿಗೆ ಹಿಂದಿನಂತಾಗಿದೆ. ಸುಮ್ಮನೆ ಸಂತೋಷಕ್ಕೆ ಕಾದಂಬರಿ ಓದುವುದು ಮಾತ್ರ ಇನ್ನೂ ಮರಳಿಲ್ಲ. ಎರಡು ಶುರು ಮಾಡಿ ಬಿಟ್ಟಿದ್ದಾರೆ, ಮೂರನೆಯದರ 90ನೇ ಪುಟದಲ್ಲಿದ್ದಾರೆ.